ಪಿಕಪ್ ಟ್ರಕ್‌ಗಳಲ್ಲಿ ನಾಲ್ಕು-ಚಕ್ರ ಚಾಲನೆಯ ದೋಷಪತ್ತೆ

ನಾಲ್ಕು-ಚಕ್ರ ಚಾಲನೆಯ ದೋಷಪತ್ತೆ ಎಂದರೆ, ಪಿಕಪ್ ಟ್ರಕ್ಕಿನ ಚಾಲಕನು ಸನ್ನೆಯ ಮೂಲಕವಾಗಲಿ ಗುಂಡಿಯ ಮೂಲಕವಾಗಲಿ ನಾಲ್ಕು-ಚಕ್ರ ಚಾಲನೆಯನ್ನು ಆರಿಸಿದ ಮೇಲೂ ಎಂಜಿನ್ನಿನ ಶಕ್ತಿ ಮುಂಬದಿಯ ಚಕ್ರಗಳಿಗೆ ತಲುಪದಿದ್ದಾಗ, ಅದರ ಕಾರಣವನ್ನು ಕ್ರಮಬದ್ಧವಾಗಿ ಕಂಡುಹಿಡಿಯುವ ವಿಧಾನ. ಈ ದೋಷವು ಹೆಚ್ಚಾಗಿ ಕಂಡುಬರುವುದು ಅಂಶಕಾಲಿಕ ನಾಲ್ಕು-ಚಕ್ರ ಚಾಲನೆಯಿರುವ ವಾಹನಗಳಲ್ಲಿ. ಇಂತಹ ವಾಹನಗಳು ಸಾಮಾನ್ಯ ರಸ್ತೆಯಲ್ಲಿ ಹಿಂಬದಿಯ ಎರಡು ಚಕ್ರಗಳ ಬಲದಿಂದಲೇ ಓಡುತ್ತವೆ. ಕೆಸರು, ಮರಳು, ಹಿಮ ಅಥವಾ ಕಡಿದಾದ ಏರು ಎದುರಾದಾಗ ಮಾತ್ರ ಮುಂಬದಿಯ ಚಕ್ರಗಳನ್ನು ಚಾಲನೆಗೆ ಸೇರಿಸಿಕೊಳ್ಳಲಾಗುತ್ತದೆ. ತಿಂಗಳುಗಟ್ಟಲೆ ಬಳಕೆಯಾಗದೆ ಉಳಿಯುವ ಈ ವ್ಯವಸ್ಥೆಯ ದೋಷವು, ಅದು ನಿಜವಾಗಿ ಬೇಕಾದ ಗಳಿಗೆಯಲ್ಲಿಯೇ, ಅಂದರೆ ವಾಹನವು ಹೂತುಹೋದಾಗಲೇ, ಮೊದಲ ಬಾರಿಗೆ ಬೆಳಕಿಗೆ ಬರುವುದುಂಟು.

ದೋಷದ ಮೂಲವು ಒಂದು ಸುಟ್ಟ ಫ್ಯೂಸ್ ಅಥವಾ ಬಿರುಕುಬಿಟ್ಟ ರಬ್ಬರ್ ಕೊಳವೆಯಷ್ಟು ಚಿಕ್ಕದಾಗಿರಬಹುದು; ಟ್ರಾನ್ಸ್‌ಫರ್ ಕೇಸಿನ ಒಳಗಿನ ಸರಪಳಿ ಅಥವಾ ಫೋರ್ಕ್‌ನ ಸವೆತದಂತಹ ದೊಡ್ಡ ದುರಸ್ತಿಯನ್ನು ಬೇಡುವಂಥದೂ ಆಗಿರಬಹುದು. ಎರಡು ಸಂದರ್ಭಗಳಲ್ಲಿಯೂ ಚಾಲಕನಿಗೆ ಕಾಣುವ ಲಕ್ಷಣ ಒಂದೇ ಆಗಿರುವುದರಿಂದ, ಪರೀಕ್ಷೆಯಿಲ್ಲದೆ ಬಿಡಿಭಾಗಗಳನ್ನು ಬದಲಾಯಿಸುವುದು ಅನೇಕವೇಳೆ ವ್ಯರ್ಥ ಖರ್ಚಿಗೆ ಕಾರಣವಾಗುತ್ತದೆ.

ಹಿನ್ನೆಲೆ

ನಾಲ್ಕೂ ಚಕ್ರಗಳಿಗೆ ಶಕ್ತಿ ನೀಡುವ ಟ್ರಕ್ಕುಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಅಮೆರಿಕದಲ್ಲಿ ತಯಾರಾದವು. 1913ರಲ್ಲಿ ಬಂದ ಜೆಫ್ರಿ ಕ್ವಾಡ್ ಅವುಗಳಲ್ಲೊಂದು. ಎರಡನೆಯ ಮಹಾಯುದ್ಧದಲ್ಲಿ ವಿಲ್ಲಿಸ್ ಜೀಪು ಈ ತಂತ್ರವನ್ನು ಜಗತ್ತಿನಾದ್ಯಂತ ಪರಿಚಯಿಸಿತು. ಯುದ್ಧಾನಂತರ 1946ರ ಡಾಜ್ ಪವರ್ ವ್ಯಾಗನ್ ನಾಗರಿಕ ಬಳಕೆಗೆ ಬಂದ ನಾಲ್ಕು-ಚಕ್ರ ಚಾಲನೆಯ ಟ್ರಕ್ಕುಗಳಲ್ಲಿ ಪ್ರಮುಖವಾದುದು. ಷೆವರ್ಲೆ 1957ರಲ್ಲಿಯೂ ಫೋರ್ಡ್ 1959ರಲ್ಲಿಯೂ ತಮ್ಮ ಪಿಕಪ್‌ಗಳಿಗೆ ಈ ವ್ಯವಸ್ಥೆಯನ್ನು ಕಾರ್ಖಾನೆಯಲ್ಲಿಯೇ ಅಳವಡಿಸಿ ಕೊಡತೊಡಗಿದವು. ಟೊಯೋಟಾ ಹೈಲಕ್ಸ್‌ಗೆ ಇದು 1970ರ ದಶಕದ ಕೊನೆಯಲ್ಲಿ ದೊರೆಯಿತು.

ಆರಂಭದ ವಾಹನಗಳಲ್ಲಿ ಎರಡು-ಚಕ್ರ ಚಾಲನೆಯಲ್ಲಿದ್ದಾಗಲೂ ಮುಂಬದಿಯ ಆಕ್ಸಲ್, ಡಿಫರೆನ್ಷಿಯಲ್ ಮತ್ತು ಪ್ರೊಪೆಲ್ಲರ್ ಶಾಫ್ಟ್‌ಗಳು ಚಕ್ರದೊಂದಿಗೆ ಸುಮ್ಮನೆ ತಿರುಗುತ್ತಿದ್ದವು. ಇದರಿಂದ ಇಂಧನ ವ್ಯರ್ಥವಾಗುತ್ತಿತ್ತು, ಭಾಗಗಳೂ ಸವೆಯುತ್ತಿದ್ದವು. 1948ರಲ್ಲಿ ಆರ್ಥರ್ ವಾರ್ನ್ ಸ್ಥಾಪಿಸಿದ ಸಂಸ್ಥೆಯು, ಯುದ್ಧದಲ್ಲಿ ಬಳಕೆಯಾಗಿ ಉಳಿದ ಜೀಪುಗಳಿಗಾಗಿ, ಚಕ್ರವನ್ನು ಆಕ್ಸಲ್‌ನಿಂದ ಬೇರ್ಪಡಿಸಬಲ್ಲ ಲಾಕಿಂಗ್ ಹಬ್‌ಗಳನ್ನು ತಯಾರಿಸಿತು. ಕಾಲಕ್ರಮೇಣ ಕೈಯಿಂದ ತಿರುಗಿಸುವ ಹಬ್‌ಗಳ ಜಾಗಕ್ಕೆ ಸ್ವಯಂಚಾಲಿತ ಹಬ್‌ಗಳು, ನಿರ್ವಾತದಿಂದ ಕೆಲಸಮಾಡುವ ಸಾಧನಗಳು ಮತ್ತು ವಿದ್ಯುತ್ ಮೋಟಾರುಗಳು ಬಂದವು. ಚಾಲಕನು ಮಳೆಯಲ್ಲಿ ಕೆಳಗಿಳಿಯುವ ಕಷ್ಟ ತಪ್ಪಿತಾದರೂ, ಕೆಡಬಹುದಾದ ಭಾಗಗಳ ಸಂಖ್ಯೆ ಹೆಚ್ಚಿತು. ಇಂದು ದೋಷಪತ್ತೆಯ ಬಹುಪಾಲು ಕೆಲಸವು ಈ ಹೆಚ್ಚುವರಿ ಭಾಗಗಳಿಗೆ ಸಂಬಂಧಿಸಿದ್ದಾಗಿದೆ.

ರಚನೆ ಮತ್ತು ಕಾರ್ಯವಿಧಾನ

ಗೇರ್‌ಬಾಕ್ಸ್‌ನ ಹಿಂದೆ ಜೋಡಿಸಲಾದ ಟ್ರಾನ್ಸ್‌ಫರ್ ಕೇಸ್ ಈ ವ್ಯವಸ್ಥೆಯ ಕೇಂದ್ರಭಾಗ. ಅದರಿಂದ ಒಂದು ಪ್ರೊಪೆಲ್ಲರ್ ಶಾಫ್ಟ್ ಹಿಂಬದಿಯ ಆಕ್ಸಲ್‌ಗೂ ಇನ್ನೊಂದು ಮುಂಬದಿಯ ಆಕ್ಸಲ್‌ಗೂ ಹೋಗುತ್ತದೆ. ಇದಕ್ಕೆ ಸಾಮಾನ್ಯವಾಗಿ ನಾಲ್ಕು ಸ್ಥಾನಗಳಿರುತ್ತವೆ:

• 2ಎಚ್: ಹಿಂಬದಿಯ ಚಕ್ರಗಳಿಗೆ ಮಾತ್ರ ಶಕ್ತಿ.
• 4ಎಚ್: ನಾಲ್ಕೂ ಚಕ್ರಗಳಿಗೆ ಸಾಮಾನ್ಯ ವೇಗದಲ್ಲಿ ಶಕ್ತಿ.
• ಎನ್: ತಟಸ್ಥ ಸ್ಥಾನ, ಎರಡೂ ಆಕ್ಸಲ್‌ಗಳಿಗೆ ಎಂಜಿನ್ನಿನ ಸಂಪರ್ಕವಿರುವುದಿಲ್ಲ.
• 4ಎಲ್: ನಾಲ್ಕೂ ಚಕ್ರಗಳಿಗೆ ಕಡಿಮೆ ವೇಗದಲ್ಲಿ ಹೆಚ್ಚಿನ ತಿರುಗುಬಲ. ಅನೇಕ ಪಿಕಪ್‌ಗಳಲ್ಲಿ ಈ ಇಳಿಕೆಯ ಅನುಪಾತ 2.5ರಿಂದ 2.7ರವರೆಗೆ ಇರುತ್ತದೆ.

ಆಯ್ಕೆಯ ಸನ್ನೆ ಅಥವಾ ಮೋಟಾರು ಟ್ರಾನ್ಸ್‌ಫರ್ ಕೇಸಿನೊಳಗಿನ ಒಂದು ಫೋರ್ಕನ್ನು ಸರಿಸುತ್ತದೆ. ಫೋರ್ಕ್ ಹಲ್ಲುಗಳಿರುವ ಒಂದು ತೋಳನ್ನು ಜಾರಿಸುತ್ತದೆ. ಆ ತೋಳು ಹಿಂಬದಿಯ ಶಾಫ್ಟನ್ನು ಸರಪಳಿಯ ಅಥವಾ ಗೇರುಗಳ ಮೂಲಕ ಮುಂಬದಿಯ ಶಾಫ್ಟಿಗೆ ಬಂಧಿಸುತ್ತದೆ. ಅಂಶಕಾಲಿಕ ವ್ಯವಸ್ಥೆಯಲ್ಲಿ ಇವೆರಡರ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ಆದ್ದರಿಂದ 4ಎಚ್ ಸ್ಥಾನದಲ್ಲಿ ಎರಡೂ ಶಾಫ್ಟ್‌ಗಳು ಒಂದೇ ವೇಗದಲ್ಲಿ ತಿರುಗಲೇಬೇಕು.

ಟ್ರಾನ್ಸ್‌ಫರ್ ಕೇಸಿನಿಂದ ಮುಂದಕ್ಕೆ ಎರಡನೆಯ ಜೋಡಣೆಯೊಂದು ಇರುತ್ತದೆ. ಅದು ವಾಹನದಿಂದ ವಾಹನಕ್ಕೆ ಬೇರೆಯಾಗಿದ್ದು, ಮುಖ್ಯವಾಗಿ ಎರಡು ಬಗೆಯದು. ಮೊದಲನೆಯದರಲ್ಲಿ ಮುಂಬದಿಯ ಪ್ರತಿ ಚಕ್ರದ ಹಬ್‌ನಲ್ಲಿ ಲಾಕ್ ಇರುತ್ತದೆ. ಎರಡನೆಯದರಲ್ಲಿ ಮುಂಬದಿಯ ಎರಡು ಅರ್ಧ ಆಕ್ಸಲ್‌ಗಳಲ್ಲಿ ಒಂದನ್ನು ಮಾತ್ರ ಡಿಫರೆನ್ಷಿಯಲ್‌ನಿಂದ ಬಿಡಿಸುವ ಮತ್ತು ಸೇರಿಸುವ ಸಾಧನವಿರುತ್ತದೆ. ಟೊಯೋಟಾದ ಪಿಕಪ್‌ಗಳಲ್ಲಿ ಬಳಕೆಯಾಗುವ ಸ್ವಯಂಚಾಲಿತ ಡಿಫರೆನ್ಷಿಯಲ್ ಬೇರ್ಪಡಿಕೆಯೂ 1994ರಿಂದ ಬಂದ ಡಾಜ್ ರ‍್ಯಾಮ್‌ನ ನಿರ್ವಾತಚಾಲಿತ ಸಾಧನವೂ ಈ ಬಗೆಯವು.

ಒಂದೇ ಅರ್ಧ ಆಕ್ಸಲ್ ಬಿಡಿಸಿಕೊಂಡರೂ ಎರಡೂ ಮುಂಚಕ್ರಗಳು ಬಲ ಕಳೆದುಕೊಳ್ಳುವುದಕ್ಕೆ ಡಿಫರೆನ್ಷಿಯಲ್‌ನ ಗುಣವೇ ಕಾರಣ. ಲಾಕ್ ಇಲ್ಲದ ಡಿಫರೆನ್ಷಿಯಲ್ ತನ್ನ ಎರಡು ಬದಿಗಳಿಗೂ ಸಮಾನ ತಿರುಗುಬಲವನ್ನು ಹಂಚುತ್ತದೆ. ಒಂದು ಬದಿಯ ಶಾಫ್ಟ್ ಯಾವ ತಡೆಯೂ ಇಲ್ಲದೆ ತಿರುಗುತ್ತಿದ್ದರೆ ಆ ಬದಿಯ ಬಲ ಬಹುತೇಕ ಸೊನ್ನೆಯಾಗುತ್ತದೆ. ಇನ್ನೊಂದು ಬದಿಗೂ ಅಷ್ಟೇ ಸಿಗುತ್ತದೆ. ಹೀಗಾಗಿ ಒಂದು ಹಬ್ ಮಾತ್ರ ಕೆಟ್ಟಿದ್ದರೂ ಚಾಲಕನ ಅನುಭವಕ್ಕೆ ಬರುವುದು ಮುಂಬದಿಯ ಇಡೀ ಆಕ್ಸಲ್ ಕೆಲಸಮಾಡುತ್ತಿಲ್ಲ ಎಂಬುದೇ.

ದೋಷವೆಂದು ತಪ್ಪಾಗಿ ಭಾವಿಸಲಾಗುವ ಸಂದರ್ಭಗಳು

ನಾಲ್ಕು-ಚಕ್ರ ಚಾಲನೆ ಜೋಡಣೆಯಾಗುತ್ತಿಲ್ಲ ಎಂಬ ದೂರುಗಳಲ್ಲಿ ಕೆಲವು ನಿಜವಾದ ದೋಷಗಳಲ್ಲ.

ಮುಂಬದಿಯಲ್ಲಿ ಒಂದು ಮತ್ತು ಹಿಂಬದಿಯಲ್ಲಿ ಒಂದು ಚಕ್ರ ಮಾತ್ರ ಕೆಸರಿನಲ್ಲಿ ಸುತ್ತುತ್ತಿದ್ದು ಉಳಿದೆರಡು ಸ್ಥಿರವಾಗಿದ್ದರೆ, ನಾಲ್ಕು-ಚಕ್ರ ಚಾಲನೆ ಸರಿಯಾಗಿಯೇ ಜೋಡಣೆಯಾಗಿದೆ. ಎರಡು ಆಕ್ಸಲ್‌ಗಳ ಡಿಫರೆನ್ಷಿಯಲ್‌ಗಳಿಗೆ ಲಾಕ್ ಇಲ್ಲದಿರುವುದರಿಂದ ಹಿಡಿತ ಕಡಿಮೆಯಿರುವ ಚಕ್ರಗಳು ಸುತ್ತುತ್ತಿವೆ. ಇದು ವಿನ್ಯಾಸದ ಮಿತಿಯೇ ಹೊರತು ದೋಷವಲ್ಲ.

ಸನ್ನೆಯನ್ನು ಸರಿಸಿದ ಕೂಡಲೇ ಜೋಡಣೆ ಆಗದಿರುವುದೂ ಸಹಜ. ಜಾರುವ ತೋಳಿನ ಹಲ್ಲುಗಳು ಎದುರಿನ ಹಲ್ಲುಗಳ ನೆತ್ತಿಗೆ ತಾಗಿ ನಿಂತಿದ್ದರೆ, ವಾಹನವು ಒಂದೆರಡು ಮೀಟರ್ ಚಲಿಸಿ ಹಲ್ಲುಗಳು ಹೊಂದಿಕೊಳ್ಳುವವರೆಗೆ ಜೋಡಣೆಯಾಗದು. ಸ್ವಯಂಚಾಲಿತ ಹಬ್‌ಗಳು ಕೂಡ ಆಕ್ಸಲ್ ತಿರುಗತೊಡಗಿದ ಮೇಲೆಯೇ ಲಾಕ್ ಆಗುತ್ತವೆ.

4ಎಲ್ ಸ್ಥಾನಕ್ಕೆ ಪ್ರತ್ಯೇಕ ಷರತ್ತುಗಳಿವೆ. ಸಾಮಾನ್ಯವಾಗಿ ವಾಹನವು ಪೂರ್ಣವಾಗಿ ನಿಂತಿರಬೇಕು ಅಥವಾ ಗಂಟೆಗೆ ಸುಮಾರು 5 ಕಿಲೋಮೀಟರಿಗಿಂತ ಕಡಿಮೆ ವೇಗದಲ್ಲಿರಬೇಕು. ಗೇರ್‌ಬಾಕ್ಸ್ ತಟಸ್ಥ ಸ್ಥಾನದಲ್ಲಿರಬೇಕು. ಕೆಲವು ಮಾದರಿಗಳಲ್ಲಿ ಬ್ರೇಕ್ ಅಥವಾ ಕ್ಲಚ್ ಪೆಡಲನ್ನು ಒತ್ತಿರಬೇಕು. ಇವುಗಳಲ್ಲಿ ಯಾವುದೊಂದು ತಪ್ಪಿದರೂ ನಿಯಂತ್ರಣ ಘಟಕವು ಆದೇಶವನ್ನು ನಿರಾಕರಿಸುತ್ತದೆ. 4ಎಚ್ ಜೋಡಣೆಯಾಗಿ 4ಎಲ್ ಮಾತ್ರ ಆಗದಿದ್ದಾಗ, ತಟಸ್ಥ ಸ್ಥಾನವನ್ನು ಗುರುತಿಸುವ ಸ್ವಿಚ್ಚು, ಬ್ರೇಕ್ ಪೆಡಲಿನ ಸ್ವಿಚ್ಚು ಮತ್ತು ವೇಗ ಸಂವೇದಕಗಳು ಮೊದಲ ಸಂಶಯಕ್ಕೆ ಒಳಗಾಗುತ್ತವೆ.

ಪ್ರಾಥಮಿಕ ಲಕ್ಷಣಗಳು

ಚಾಲಕನ ಎದುರಿನ ಸೂಚಕ ದೀಪವು ಉಪಯುಕ್ತವಾದರೂ ಅದೊಂದನ್ನೇ ನಂಬಲಾಗದು. ಕೆಲವು ವಾಹನಗಳಲ್ಲಿ ಅದರ ಸ್ವಿಚ್ಚು ಟ್ರಾನ್ಸ್‌ಫರ್ ಕೇಸಿನ ಮೇಲಿದ್ದು, ಹಬ್‌ಗಳ ಸ್ಥಿತಿಯ ಬಗ್ಗೆ ಏನನ್ನೂ ತಿಳಿಸುವುದಿಲ್ಲ. ಇನ್ನು ಕೆಲವುಗಳಲ್ಲಿ ಅದು ಮುಂಬದಿಯ ಆಕ್ಸಲ್ ಮೇಲಿದ್ದು, ಅಲ್ಲಿ ಜೋಡಣೆ ಪೂರ್ಣವಾದ ಮೇಲೆಯೇ ದೀಪ ಉರಿಯುತ್ತದೆ. ಆದ್ದರಿಂದ ದೀಪದ ಸ್ವಿಚ್ಚು ಎಲ್ಲಿದೆ ಎಂಬುದನ್ನು ವಾಹನದ ಕೈಪಿಡಿಯಿಂದ ತಿಳಿದುಕೊಳ್ಳುವುದು ದೋಷಪತ್ತೆಯ ಮೊದಲ ಹೆಜ್ಜೆಗಳಲ್ಲೊಂದು.

• ದೀಪ ಉರಿಯುವುದಿಲ್ಲ, ಯಾವ ಸದ್ದೂ ಇಲ್ಲ: ಫ್ಯೂಸ್, ರಿಲೇ, ಆಯ್ಕೆಯ ಸ್ವಿಚ್ಚು ಅಥವಾ ವಿದ್ಯುತ್ ಸಂಪರ್ಕದ ದೋಷದ ಸಾಧ್ಯತೆ ಹೆಚ್ಚು.
• ದೀಪ ಮಿನುಗುತ್ತಲೇ ಇರುತ್ತದೆ: ಜೋಡಣೆ ಆರಂಭವಾಗಿದ್ದರೂ ಪೂರ್ಣಗೊಂಡಿಲ್ಲ, ಮೋಟಾರು, ಸ್ಥಾನ ಸಂವೇದಕ ಅಥವಾ ಆಕ್ಸಲ್‌ನ ಜೋಡಣಾ ಸಾಧನ ಅಂಟಿಕೊಂಡಿರಬಹುದು.
• ದೀಪ ಸ್ಥಿರವಾಗಿ ಉರಿಯುತ್ತದೆ, ಆದರೆ ಮುಂಚಕ್ರಗಳು ಎಳೆಯುವುದಿಲ್ಲ: ಸ್ವಿಚ್ಚು ಟ್ರಾನ್ಸ್‌ಫರ್ ಕೇಸಿನ ಮೇಲಿರುವ ವಾಹನಗಳಲ್ಲಿ, ಹಬ್ ಅಥವಾ ಆಕ್ಸಲ್ ಬೇರ್ಪಡಿಕೆಯ ದೋಷ.
• ಉಜ್ಜುವ ಸದ್ದು ಕೇಳುತ್ತದೆ: ಹಲ್ಲುಗಳು ಅರ್ಧ ಮಾತ್ರ ಸೇರಿವೆ. ಹೀಗೆಯೇ ಓಡಿಸಿದರೆ ಹಲ್ಲುಗಳ ಅಂಚು ಸವೆದುಹೋಗುತ್ತದೆ.
• ಭಾರ ಬಿದ್ದಾಗ ಬಡಿದಂತಹ ಸದ್ದಿನೊಡನೆ ಜಾರುತ್ತದೆ: ಸರಪಳಿ ಸಡಿಲವಾಗಿ ಹಲ್ಲು ಹಾರುತ್ತಿರಬಹುದು.

ದೋಷದ ಸ್ಥಾನವನ್ನು ಗುರುತಿಸುವ ಪರೀಕ್ಷೆ

ದೋಷಪತ್ತೆಯ ನಿರ್ಣಾಯಕ ಪ್ರಶ್ನೆ ಒಂದೇ: ಮುಂಬದಿಯ ಪ್ರೊಪೆಲ್ಲರ್ ಶಾಫ್ಟಿಗೆ ಶಕ್ತಿ ಬರುತ್ತಿದೆಯೇ? ಬರುತ್ತಿಲ್ಲವಾದರೆ ದೋಷವು ಟ್ರಾನ್ಸ್‌ಫರ್ ಕೇಸಿನಲ್ಲಿ ಅಥವಾ ಅದನ್ನು ನಿಯಂತ್ರಿಸುವ ಭಾಗಗಳಲ್ಲಿದೆ. ಬರುತ್ತಿದ್ದೂ ಚಕ್ರಗಳು ಎಳೆಯುತ್ತಿಲ್ಲವಾದರೆ ದೋಷವು ಶಾಫ್ಟಿನಿಂದ ಮುಂದೆ, ಅಂದರೆ ಡಿಫರೆನ್ಷಿಯಲ್, ಅರ್ಧ ಆಕ್ಸಲ್ ಅಥವಾ ಹಬ್‌ನಲ್ಲಿದೆ.

ಇದನ್ನು ಎಂಜಿನ್ ನಿಲ್ಲಿಸಿ ಕೈಯಿಂದಲೇ ಪರೀಕ್ಷಿಸಬಹುದು. ಮೊದಲು ಸಡಿಲ ಮಣ್ಣಿನ ನೆಲದಲ್ಲಿ 4ಎಚ್ ಆರಿಸಿ ವಾಹನವನ್ನು ಕೆಲವು ಮೀಟರ್ ನೇರವಾಗಿ ಚಲಿಸಲಾಗುತ್ತದೆ. ನಂತರ ಅದನ್ನು ಗಟ್ಟಿಯಾದ ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಹಿಂಬದಿಯ ಚಕ್ರಗಳಿಗೆ ಎರಡೂ ಕಡೆಯಿಂದ ಅಡ್ಡಗಟ್ಟೆಯಿಟ್ಟು, ಕೈಬ್ರೇಕ್ ಹಾಕಲಾಗುತ್ತದೆ. ಗೇರ್‌ಬಾಕ್ಸ್ ಸ್ವಯಂಚಾಲಿತವಾಗಿದ್ದರೆ ನಿಲುಗಡೆಯ ಸ್ಥಾನದಲ್ಲಿಯೂ ಇಲ್ಲವಾದರೆ ಮೊದಲ ಗೇರಿನಲ್ಲಿಯೂ ಇಡಲಾಗುತ್ತದೆ. ಮುಂಬದಿಯ ಎರಡೂ ಚಕ್ರಗಳನ್ನು ಜಾಕಿನಿಂದ ಎತ್ತಿ, ಚಾಸಿಯ ಕೆಳಗೆ ಭದ್ರವಾದ ಸ್ಟ್ಯಾಂಡುಗಳನ್ನು ಇಟ್ಟ ಮೇಲೆ ಪರೀಕ್ಷೆ ಮೂರು ರೀತಿಯ ಫಲಿತಾಂಶ ನೀಡಬಹುದು.

1. ಮುಂಬದಿಯ ಪ್ರೊಪೆಲ್ಲರ್ ಶಾಫ್ಟ್ ಕೈಯಿಂದ ಸುತ್ತುಸುತ್ತಾಗಿ ತಿರುಗುತ್ತದೆ. ಟ್ರಾನ್ಸ್‌ಫರ್ ಕೇಸ್ ಜೋಡಣೆಯಾಗಿಲ್ಲ. ಅತ್ತಿತ್ತ ಸ್ವಲ್ಪ ಅಲುಗಾಡುವುದು ಗೇರುಗಳ ನಡುವಿನ ಸಹಜ ಸಡಿಲಿಕೆಯಾಗಿದ್ದು, ಅದನ್ನು ತಿರುಗುವಿಕೆಯೆಂದು ಎಣಿಸಬಾರದು.

2. ಶಾಫ್ಟ್ ಬಿಗಿಯಾಗಿದೆ, ಆದರೆ ಒಂದು ಚಕ್ರವನ್ನು ತಿರುಗಿಸಿದಾಗ ಎದುರಿನ ಚಕ್ರ ಕದಲುವುದಿಲ್ಲ. ಟ್ರಾನ್ಸ್‌ಫರ್ ಕೇಸ್ ಸರಿಯಾಗಿದೆ. ದೋಷ ಆಕ್ಸಲ್‌ನ ಕಡೆ ಇದೆ. ತಿರುಗಿಸುತ್ತಿರುವ ಚಕ್ರದೊಂದಿಗೆ ಅದೇ ಬದಿಯ ಅರ್ಧ ಆಕ್ಸಲ್ ತಿರುಗದಿದ್ದರೆ ಆ ಚಕ್ರದ ಹಬ್ ಲಾಕ್ ಆಗಿಲ್ಲ. ಅರ್ಧ ಆಕ್ಸಲ್ ತಿರುಗಿದರೆ, ಎದುರು ಬದಿಯ ಹಬ್ ಅಥವಾ ನಡುವಿನ ಬೇರ್ಪಡಿಕೆ ಸಾಧನವನ್ನು ಪರೀಕ್ಷಿಸಬೇಕಾಗುತ್ತದೆ.

3. ಶಾಫ್ಟ್ ಬಿಗಿಯಾಗಿದೆ, ಒಂದು ಚಕ್ರವನ್ನು ತಿರುಗಿಸಿದಾಗ ಎದುರಿನದು ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಇಡೀ ವ್ಯವಸ್ಥೆ ಜೋಡಣೆಯಾಗಿದೆ. ದೀಪ ಉರಿಯದಿದ್ದರೆ ಅದರ ಸ್ವಿಚ್ಚು ಅಥವಾ ತಂತಿ ಕೆಟ್ಟಿದೆ.

ನಿರ್ವಾತದಿಂದ ನಡೆಯುವ ಕೆಲವು ವ್ಯವಸ್ಥೆಗಳಲ್ಲಿ ಎಂಜಿನ್ ನಿಂತೊಡನೆ ಹಬ್‌ಗಳ ಸ್ಥಿತಿ ಬದಲಾಗಬಹುದು. ಅಂತಹ ವಾಹನಗಳಲ್ಲಿ ಈ ಪರೀಕ್ಷೆಯ ಫಲಿತಾಂಶವನ್ನು ಕೈಪಂಪಿನ ಪರೀಕ್ಷೆಯೊಂದಿಗೆ ತಾಳೆನೋಡಲಾಗುತ್ತದೆ.

ಟ್ರಾನ್ಸ್‌ಫರ್ ಕೇಸಿನ ಕಡೆಯ ದೋಷಗಳು

ಸನ್ನೆಯಿಂದ ನಡೆಯುವ ವ್ಯವಸ್ಥೆ

ನೆಲದ ಮೇಲಿನ ಸನ್ನೆಯಿರುವ ವಾಹನಗಳಲ್ಲಿ ಸನ್ನೆಯನ್ನೂ ಟ್ರಾನ್ಸ್‌ಫರ್ ಕೇಸನ್ನೂ ಜೋಡಿಸುವ ಸರಳುಗಳು ಮತ್ತು ಪ್ಲಾಸ್ಟಿಕ್ ಬುಷ್‌ಗಳು ಮೊದಲು ಸವೆಯುತ್ತವೆ. ಒಬ್ಬರು ಸನ್ನೆಯನ್ನು ಸರಿಸುವಾಗ ಮತ್ತೊಬ್ಬರು ಟ್ರಾನ್ಸ್‌ಫರ್ ಕೇಸಿನ ಹೊರಗಿನ ತೋಳನ್ನು ಗಮನಿಸಿದರೆ, ತೋಳು ತನ್ನ ಪೂರ್ಣ ದೂರ ಸಾಗುತ್ತಿದೆಯೇ ಎಂಬುದು ತಿಳಿಯುತ್ತದೆ. ಈ ಪರೀಕ್ಷೆಯನ್ನು ಎಂಜಿನ್ ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಟ್ಟೆಯಿಟ್ಟೇ ಮಾಡಬೇಕು. ತೋಳು ಅರ್ಧಕ್ಕೇ ನಿಂತರೆ ಸರಳಿನ ಉದ್ದವನ್ನು ಸರಿಹೊಂದಿಸುವುದರಿಂದ ಅಥವಾ ಬುಷ್ ಬದಲಾಯಿಸುವುದರಿಂದ ದೋಷ ನಿವಾರಣೆಯಾಗುತ್ತದೆ. ವಾಹನದ ದೇಹವನ್ನು ಚಾಸಿಯಿಂದ ಮೇಲಕ್ಕೆತ್ತುವ ಮಾರ್ಪಾಡು ಮಾಡಿಸಿದ ನಂತರವೂ ಸರಳಿನ ಅಳತೆ ತಪ್ಪಿ ಇದೇ ತೊಂದರೆ ಕಾಣಿಸಿಕೊಳ್ಳುವುದುಂಟು.

ವಿದ್ಯುತ್ ಮೋಟಾರಿನಿಂದ ನಡೆಯುವ ವ್ಯವಸ್ಥೆ

ಗುಂಡಿಯಿಂದ ಆಯ್ಕೆಮಾಡುವ ವಾಹನಗಳಲ್ಲಿ ಟ್ರಾನ್ಸ್‌ಫರ್ ಕೇಸಿನ ಮೇಲೆ ಒಂದು ಮೋಟಾರು ಇರುತ್ತದೆ. ಅದರೊಳಗಿನ ಎನ್‌ಕೋಡರ್ ಎಂಬ ಸಂವೇದಕವು ಫೋರ್ಕ್ ಯಾವ ಸ್ಥಾನದಲ್ಲಿದೆಯೆಂಬುದನ್ನು ನಿಯಂತ್ರಣ ಘಟಕಕ್ಕೆ ತಿಳಿಸುತ್ತದೆ. ಪರೀಕ್ಷೆಯು ಅಗ್ಗದ ಭಾಗದಿಂದ ದುಬಾರಿ ಭಾಗದ ಕಡೆಗೆ ಸಾಗುವುದು ವಾಡಿಕೆ.

ಮೊದಲು ಬ್ಯಾಟರಿಯ ವೋಲ್ಟೇಜನ್ನು ನೋಡಲಾಗುತ್ತದೆ. ಬ್ಯಾಟರಿ ದುರ್ಬಲವಾಗಿದ್ದರೆ ಕೆಲವು ನಿಯಂತ್ರಣ ಘಟಕಗಳು ಸ್ಥಾನ ಬದಲಾವಣೆಯನ್ನೇ ಆರಂಭಿಸುವುದಿಲ್ಲ. ನಂತರ ಫ್ಯೂಸ್‌ಗಳು ಮತ್ತು ರಿಲೇಗಳ ಸರದಿ. ಬಳಿಕ ಮೋಟಾರಿನ ಕನೆಕ್ಟರ್ ಬಿಚ್ಚಿ, ಪಿನ್ನುಗಳಲ್ಲಿ ಹಸಿರು ಕಿಲುಬು ಅಥವಾ ನೀರು ಇದೆಯೇ ಎಂದು ಪರಿಶೀಲಿಸಲಾಗುತ್ತದೆ. ವಾಹನದ ಅಡಿಭಾಗದಲ್ಲಿರುವ ಈ ಕನೆಕ್ಟರ್ ಕೆಸರಿಗೂ ನೀರಿಗೂ ಸದಾ ಒಡ್ಡಿಕೊಂಡಿರುತ್ತದೆ. ಚಾಸಿಗೆ ಜೋಡಿಸಿರುವ ಅರ್ಥಿಂಗ್ ತಂತಿಯ ತುಕ್ಕು ಕೂಡ ಇದೇ ಪರಿಣಾಮ ಬೀರುತ್ತದೆ: ಭಾರವಿಲ್ಲದಾಗ 12 ವೋಲ್ಟ್ ತೋರಿಸುವ ತಂತಿ, ಮೋಟಾರು ತಿರುಗಲು ಯತ್ನಿಸಿದೊಡನೆ ಕುಸಿಯಬಹುದು. ಆದ್ದರಿಂದ ವೋಲ್ಟೇಜನ್ನು ಗುಂಡಿ ಒತ್ತಿದ ಕ್ಷಣದಲ್ಲಿಯೇ ಅಳೆಯಬೇಕಾಗುತ್ತದೆ.

ನಿಯಂತ್ರಣ ಘಟಕದಲ್ಲಿ ದಾಖಲಾದ ದೋಷ ಸಂಕೇತಗಳನ್ನು ಸ್ಕ್ಯಾನರ್ ಮೂಲಕ ಓದಬಹುದು. ಜನರಲ್ ಮೋಟಾರ್ಸ್‌ನ ಟ್ರಕ್ಕುಗಳಲ್ಲಿ ಸಿ0327 ಎಂಬ ಸಂಕೇತ ಎನ್‌ಕೋಡರ್ ಮಂಡಲದ ದೋಷವನ್ನು ಸೂಚಿಸುತ್ತದೆ. ಆದರೆ ಸಂಕೇತವು ತಿಳಿಸುವುದು ಮಂಡಲವನ್ನೇ ಹೊರತು ಕೆಟ್ಟ ಭಾಗವನ್ನಲ್ಲ. ತುಂಡಾದ ತಂತಿಯೂ ಅದೇ ಸಂಕೇತವನ್ನು ದಾಖಲಿಸಬಲ್ಲದು. ಎಂಜಿನ್ನಿನ ಸಂಕೇತಗಳನ್ನು ಮಾತ್ರ ಓದುವ ಸರಳ ಉಪಕರಣಗಳು ಟ್ರಾನ್ಸ್‌ಫರ್ ಕೇಸಿನ ಸಂಕೇತಗಳನ್ನು ತೋರಿಸದಿರಬಹುದು.

ಮೋಟಾರು ಕೆಟ್ಟಿದೆಯೇ ಅಥವಾ ಟ್ರಾನ್ಸ್‌ಫರ್ ಕೇಸ್ ಒಳಗೆ ಬಿಗಿದುಕೊಂಡಿದೆಯೇ ಎಂಬುದನ್ನು ಬೇರ್ಪಡಿಸಲು ಮೋಟಾರನ್ನು ಬಿಚ್ಚಿ, ಅದರ ಹಿಂದಿರುವ ಶಾಫ್ಟನ್ನು ಸ್ಪ್ಯಾನರಿನಿಂದ ನಿಧಾನವಾಗಿ ತಿರುಗಿಸಲಾಗುತ್ತದೆ. ಶಾಫ್ಟ್ ಸ್ಥಾನದಿಂದ ಸ್ಥಾನಕ್ಕೆ ಸಲೀಸಾಗಿ ಸರಿದರೆ ದೋಷ ಮೋಟಾರಿನದು ಅಥವಾ ವಿದ್ಯುತ್ತಿನದು, ಸರಿಯದಿದ್ದರೆ ಒಳಗಿನದು. ಮೋಟಾರನ್ನು ಮರಳಿ ಜೋಡಿಸುವಾಗ ಎರಡರ ಸ್ಥಾನಗಳೂ ಹೊಂದಿಕೆಯಾಗಿರಬೇಕು. ಇಲ್ಲವಾದರೆ ಹೊಸ ಮೋಟಾರು ಕೂಡ ದೋಷ ಸಂಕೇತ ನೀಡುತ್ತದೆ.

ಒಳಗಿನ ಸವೆತ

ಫೋರ್ಕ್‌ನ ತುದಿಯ ಪ್ಲಾಸ್ಟಿಕ್ ಹಲ್ಲೆಗಳು ಸವೆದಾಗ ತೋಳು ಪೂರ್ಣವಾಗಿ ಸರಿಯುವುದಿಲ್ಲ. ಹಿಗ್ಗಿದ ಸರಪಳಿ ಭಾರ ಬಿದ್ದಾಗ ಹಲ್ಲು ಹಾರುತ್ತದೆ, ಕೆಲವೊಮ್ಮೆ ಕವಚದ ಒಳಮೈಯನ್ನೇ ಉಜ್ಜುತ್ತದೆ. ತೈಲ ಕಡಿಮೆಯಾಗಿರುವುದು ಅಥವಾ ತಯಾರಕರು ಸೂಚಿಸಿದ ಬಗೆಯದಲ್ಲದ ತೈಲ ತುಂಬಿರುವುದು ಈ ಸವೆತವನ್ನು ತ್ವರಿತಗೊಳಿಸುತ್ತದೆ. ತೈಲವನ್ನು ಹೊರತೆಗೆದಾಗ ಅದರಲ್ಲಿ ಲೋಹದ ಚೂರುಗಳು ಕಂಡರೆ ಟ್ರಾನ್ಸ್‌ಫರ್ ಕೇಸನ್ನು ಬಿಚ್ಚಿ ನೋಡುವುದು ಅನಿವಾರ್ಯ.

ಮುಂಬದಿಯ ಆಕ್ಸಲ್‌ನ ಕಡೆಯ ದೋಷಗಳು

ಹಬ್‌ಗಳು

ಕೈಯಿಂದ ತಿರುಗಿಸುವ ಹಬ್‌ಗಳ ದೋಷಪತ್ತೆ ಸರಳ: ಎರಡೂ ಬದಿಯ ತಿರುಗಣೆಗಳು ಲಾಕ್ ಗುರುತಿನವರೆಗೆ ಪೂರ್ಣವಾಗಿ ತಿರುಗಿವೆಯೇ ಎಂದು ನೋಡುವುದೇ ಮೊದಲ ಕೆಲಸ. ಒಳಗಿನ ಗ್ರೀಸ್ ಗಟ್ಟಿಯಾಗಿದ್ದರೆ ತಿರುಗಣೆ ತಿರುಗಿದರೂ ಒಳಗಿನ ಹಲ್ಲುಂಗುರ ಸರಿಯುವುದಿಲ್ಲ. ಹಬ್ ಬಿಚ್ಚಿ, ಸ್ವಚ್ಛಗೊಳಿಸಿ, ತೆಳುವಾಗಿ ಹೊಸ ಗ್ರೀಸ್ ಹಚ್ಚಿದರೆ ಅನೇಕವೇಳೆ ಸರಿಯಾಗುತ್ತದೆ. ಅತಿಯಾಗಿ ಗ್ರೀಸ್ ತುಂಬುವುದೂ ಹಾನಿಕರ.

ನಿರ್ವಾತದಿಂದ ನಡೆಯುವ ಸಾಧನಗಳು

ಇವುಗಳಲ್ಲಿ ಎಂಜಿನ್ನಿನಿಂದ ಅಥವಾ, ಡೀಸೆಲ್ ವಾಹನಗಳಲ್ಲಿ, ಪ್ರತ್ಯೇಕ ಪಂಪಿನಿಂದ ಬರುವ ನಿರ್ವಾತವು ಒಂದು ರಬ್ಬರ್ ಪೊರೆಯನ್ನು ಎಳೆದು ಜೋಡಣೆ ಮಾಡುತ್ತದೆ. ಎಂಜಿನ್ನಿನ ಶಾಖಕ್ಕೆ ಬಿರಿದ ಕೊಳವೆ, ಸೋರುವ ಪೊರೆ, ಕೆಟ್ಟ ಸೊಲೆನಾಯ್ಡ್ ಕವಾಟ ಇವು ಸಾಮಾನ್ಯ ಕಾರಣಗಳು. ಮಾಪಕವಿರುವ ಕೈಪಂಪನ್ನು ಸಾಧನಕ್ಕೆ ನೇರವಾಗಿ ಜೋಡಿಸಿ ನಿರ್ವಾತ ನೀಡಿದಾಗ ಮುಳ್ಳು ಸ್ಥಿರವಾಗಿ ನಿಂತರೆ ಪೊರೆ ಸರಿಯಾಗಿದೆ; ಇಳಿಯತೊಡಗಿದರೆ ಸೋರುತ್ತಿದೆ. ಹೀಗೆಯೇ ಒಂದೊಂದು ಕೊಳವೆಯನ್ನೂ ಬೇರೆಯಾಗಿ ಪರೀಕ್ಷಿಸುತ್ತ ಹಿಂದಕ್ಕೆ ಸಾಗಲಾಗುತ್ತದೆ.

ನಿರ್ವಾತ ಯಾವಾಗ ಬೇಕು ಎಂಬುದು ಎಲ್ಲ ವಾಹನಗಳಲ್ಲಿ ಒಂದೇ ಅಲ್ಲ. 2004ರ ಫೋರ್ಡ್ ಎಫ್-150ರಿಂದ ಬಳಕೆಗೆ ಬಂದ ಹಬ್‌ಗಳನ್ನು ಎರಡು-ಚಕ್ರ ಚಾಲನೆಯಲ್ಲಿ ಬಿಡಿಸಿ ಹಿಡಿಯುವುದೇ ನಿರ್ವಾತ. ನಿರ್ವಾತ ತಪ್ಪಿದಾಗ ಹಬ್‌ಗಳು ತಾವಾಗಿ ಲಾಕ್ ಆಗುತ್ತವೆ. ಅಲ್ಲಿ ಸೋರಿಕೆಯ ಲಕ್ಷಣವೆಂದರೆ ಸಾಮಾನ್ಯ ರಸ್ತೆಯಲ್ಲಿಯೇ ಕೇಳುವ ಉಜ್ಜುವ ಸದ್ದು. ಅದೇ ಸಂಸ್ಥೆಯ ಸೂಪರ್ ಡ್ಯೂಟಿ ಟ್ರಕ್ಕುಗಳಲ್ಲಿ ಇದಕ್ಕೆ ವಿರುದ್ಧವಾಗಿ ಹಬ್‌ಗಳನ್ನು ಲಾಕ್ ಮಾಡಲು ನಿರ್ವಾತ ಬೇಕು. ಆದ್ದರಿಂದ ಸೋರಿಕೆಯಾದರೆ ನಾಲ್ಕು-ಚಕ್ರ ಚಾಲನೆ ಜೋಡಣೆಯಾಗುವುದಿಲ್ಲ. ಒಂದೇ ಬಗೆಯ ಸೋರಿಕೆ ಎರಡು ವಾಹನಗಳಲ್ಲಿ ಎರಡು ವಿರುದ್ಧ ಲಕ್ಷಣಗಳನ್ನು ತೋರುವುದರಿಂದ, ಆಯಾ ಮಾದರಿಯ ವಿನ್ಯಾಸವನ್ನು ತಿಳಿಯದೆ ತೀರ್ಮಾನಕ್ಕೆ ಬರಲಾಗದು.

ಷೆವರ್ಲೆ ಎಸ್-10 ಪಿಕಪ್‌ನಲ್ಲಿ ನಿರ್ವಾತ ಸಾಧನವು ಬ್ಯಾಟರಿಯ ತಟ್ಟೆಯ ಕೆಳಗಿದ್ದು, ಅಲ್ಲಿಂದ ಒಂದು ಕೇಬಲ್ ಮುಂಬದಿಯ ಆಕ್ಸಲ್‌ಗೆ ಹೋಗುತ್ತದೆ. ಬ್ಯಾಟರಿಯಿಂದ ಸೋರಿದ ಆಮ್ಲವು ಈ ಸಾಧನವನ್ನು ಕೊರೆಯುವುದು ಆ ಮಾದರಿಯ ಪರಿಚಿತ ದೋಷಗಳಲ್ಲೊಂದು.

ಶಾಖ ಮತ್ತು ವಿದ್ಯುತ್ ಸಾಧನಗಳು

ಜನರಲ್ ಮೋಟಾರ್ಸ್ 1988ರಿಂದ ತನ್ನ ದೊಡ್ಡ ಪಿಕಪ್‌ಗಳ ಮುಂಬದಿಯ ಆಕ್ಸಲ್‌ನಲ್ಲಿ ಬಳಸಿದ ಸಾಧನವು ವಿದ್ಯುತ್ತಿನಿಂದ ಕಾದು ಹಿಗ್ಗಿ ಜೋಡಣೆ ಮಾಡುವಂಥದು. ಕಾಯಲು ಸಮಯ ಬೇಕಾಗುವುದರಿಂದ, ವಿಶೇಷವಾಗಿ ಚಳಿಯಲ್ಲಿ, ಜೋಡಣೆ ತಡವಾಗುತ್ತಿತ್ತು. ಮುಂದೆ ಇದರ ಜಾಗಕ್ಕೆ ವಿದ್ಯುತ್ ಮೋಟಾರಿನ ಸಾಧನಗಳು ಬಂದವು. ಮೋಟಾರಿನ ಸಾಧನಗಳಲ್ಲಿ ನೀರು ನುಗ್ಗುವುದು ಮತ್ತು ಬಹುಕಾಲ ಬಳಸದೆ ಫೋರ್ಕ್ ಅಂಟಿಕೊಳ್ಳುವುದು ಸಾಮಾನ್ಯ ತೊಂದರೆಗಳು.

ಸುರಕ್ಷತೆ

ಈ ದೋಷದ ಅತ್ಯಂತ ಅಪಾಯಕಾರಿ ರೂಪವು ಕೆಸರಿನಲ್ಲಿ ಹೂತುಹೋಗುವುದಲ್ಲ, ಇಳಿಜಾರಿನಲ್ಲಿ ನಿಲ್ಲಿಸಿದ ವಾಹನ ತಾನಾಗಿ ಉರುಳುವುದು. ಟ್ರಾನ್ಸ್‌ಫರ್ ಕೇಸ್ ತಟಸ್ಥ ಸ್ಥಾನದಲ್ಲಿದ್ದರೆ ಅಥವಾ ಎರಡು ಸ್ಥಾನಗಳ ನಡುವೆ ಸಿಲುಕಿದ್ದರೆ, ಗೇರ್‌ಬಾಕ್ಸಿಗೂ ಚಕ್ರಗಳಿಗೂ ಸಂಬಂಧವೇ ಇರುವುದಿಲ್ಲ. ಆಗ ಗೇರ್‌ಬಾಕ್ಸನ್ನು ನಿಲುಗಡೆಯ ಸ್ಥಾನದಲ್ಲಿಟ್ಟರೂ ಮೊದಲ ಗೇರಿನಲ್ಲಿಟ್ಟರೂ ವಾಹನವನ್ನು ಅದು ಹಿಡಿದು ನಿಲ್ಲಿಸದು. ಕೈಬ್ರೇಕ್ ಒಂದೇ ಆಧಾರ. ದೀಪ ಮಿನುಗುತ್ತಿರುವಾಗ ಅಥವಾ ಸ್ಥಾನ ಬದಲಾವಣೆ ಅಪೂರ್ಣವಾಗಿರುವಾಗ ಕೈಬ್ರೇಕ್ ಹಾಕಿ, ಚಕ್ರಗಳಿಗೆ ಅಡ್ಡಗಟ್ಟೆ ಇಡದೆ ವಾಹನದ ಕೆಳಗೆ ಹೋಗುವುದು ಪ್ರಾಣಾಪಾಯಕ್ಕೆ ಎಡೆಮಾಡುತ್ತದೆ.

ಒಂದು ಆಕ್ಸಲನ್ನು ಮಾತ್ರ ಎತ್ತಿ, 4ಎಚ್ ಸ್ಥಾನದಲ್ಲಿ ಎಂಜಿನ್ ಚಾಲೂ ಮಾಡಿ ಗೇರಿಗೆ ಹಾಕುವುದೂ ಅಷ್ಟೇ ಅಪಾಯಕಾರಿ. ನೆಲಕ್ಕೆ ತಾಗಿರುವ ಚಕ್ರಗಳು ವಾಹನವನ್ನು ಸ್ಟ್ಯಾಂಡಿನಿಂದ ಕೆಳಕ್ಕೆ ಎಳೆಯುತ್ತವೆ.

ಒಣ ಡಾಂಬರು ರಸ್ತೆಯಲ್ಲಿ ಪರೀಕ್ಷೆ ಮಾಡುವುದು ಸೂಕ್ತವಲ್ಲ. ತಿರುವಿನಲ್ಲಿ ಮುಂಚಕ್ರಗಳು ಹಿಂಚಕ್ರಗಳಿಗಿಂತ ಉದ್ದದ ಹಾದಿಯನ್ನು ಕ್ರಮಿಸುತ್ತವೆ. ಶಾಫ್ಟ್‌ಗಳು ಬಂಧಿತವಾಗಿರುವುದರಿಂದ ಈ ವ್ಯತ್ಯಾಸ ಸರಿದೂಗದೆ ಇಡೀ ವ್ಯವಸ್ಥೆ ಬಿಗಿದುಕೊಳ್ಳುತ್ತದೆ. ಆಗ ನಾಲ್ಕು-ಚಕ್ರ ಚಾಲನೆಯಿಂದ ಹೊರಬರುವುದೂ ಕಷ್ಟವಾಗುತ್ತದೆ. ವಾಹನವನ್ನು ನೇರವಾಗಿ ಕೆಲವು ಮೀಟರ್ ಹಿಂದಕ್ಕೆ ಚಲಿಸಿದರೆ ಬಿಗಿತ ಸಡಿಲಗೊಳ್ಳುವುದುಂಟು. ಮುಂದೆ ಮತ್ತು ಹಿಂದೆ ಬೇರೆ ಬೇರೆ ಅಳತೆಯ ಅಥವಾ ಬಹಳ ವ್ಯತ್ಯಾಸದ ಸವೆತವಿರುವ ಟೈರುಗಳನ್ನು ಹಾಕಿದಾಗ ನೇರ ರಸ್ತೆಯಲ್ಲಿಯೂ ಇದೇ ಬಿಗಿತ ಉಂಟಾಗುತ್ತದೆ.

ದಾರಿಯ ನಡುವೆ ಕೆಟ್ಟಾಗ

ವಾಹನ ಸಿಲುಕಿದ ಸ್ಥಳದಲ್ಲಿ ಪೂರ್ಣ ದುರಸ್ತಿ ಸಾಧ್ಯವಾಗದಿದ್ದರೂ ಕೆಲವು ಉಪಾಯಗಳಿವೆ. ಫೋರ್ಡ್ ಸೂಪರ್ ಡ್ಯೂಟಿಯಂತಹ ವಾಹನಗಳ ನಿರ್ವಾತ ಹಬ್‌ಗಳಲ್ಲಿ ಕೈಯಿಂದ ಲಾಕ್ ಮಾಡುವ ತಿರುಗಣೆಯೂ ಇರುತ್ತದೆ. ಒಂದೇ ಅಳತೆಯ ಬೇರೊಂದು ಮಂಡಲದ ಫ್ಯೂಸನ್ನು ತಾತ್ಕಾಲಿಕವಾಗಿ ಬಳಸಬಹುದು. ಆದರೆ ಹೆಚ್ಚಿನ ಸಾಮರ್ಥ್ಯದ ಫ್ಯೂಸ್ ಅಥವಾ ತಂತಿಯ ತುಂಡನ್ನು ಹಾಕಿದರೆ ಬೆಂಕಿಯ ಅಪಾಯವಿದೆ. ಬಿರಿದ ನಿರ್ವಾತ ಕೊಳವೆ ಸಾಮಾನ್ಯವಾಗಿ ತುದಿಯಲ್ಲಿಯೇ ಬಿರಿಯುವುದರಿಂದ, ಆ ತುದಿಯನ್ನು ಕತ್ತರಿಸಿ ಮತ್ತೆ ತೊಡಿಸಿದರೆ ತಾತ್ಕಾಲಿಕವಾಗಿ ಕೆಲಸಮಾಡುತ್ತದೆ. ಇವು ಯಾವುವೂ ಫಲಿಸದಿದ್ದರೆ, ಹಿಂಬದಿಯ ಟೈರುಗಳ ಗಾಳಿಯ ಒತ್ತಡವನ್ನು ತಗ್ಗಿಸುವುದು, ಚಕ್ರದ ಮುಂದಿನ ಕೆಸರನ್ನು ತೋಡಿ ಕಲ್ಲು ಅಥವಾ ಹಲಗೆ ಹಾಸುವುದು, ಹಿಂಬದಿಯ ಪೆಟ್ಟಿಗೆಯಲ್ಲಿ ಭಾರವಿಡುವುದು ಎರಡು-ಚಕ್ರ ಚಾಲನೆಯಲ್ಲಿಯೇ ಹೊರಬರಲು ನೆರವಾಗುತ್ತವೆ.

ತಡೆಗಟ್ಟುವಿಕೆ

ಬಳಸದೆ ಬಿಡುವುದೇ ಈ ದೋಷಕ್ಕೆ ಪ್ರಮುಖ ಕಾರಣವಾದ್ದರಿಂದ ನಿಯತವಾದ ಬಳಕೆಯೇ ಮುಖ್ಯ ಪರಿಹಾರ. ಟೊಯೋಟಾದ ಕೈಪಿಡಿಗಳು ತಿಂಗಳಿಗೆ ಕನಿಷ್ಠ 16 ಕಿಲೋಮೀಟರ್ ದೂರವನ್ನು ನಾಲ್ಕು-ಚಕ್ರ ಚಾಲನೆಯಲ್ಲಿ ಕ್ರಮಿಸುವಂತೆ ಸೂಚಿಸುತ್ತವೆ. ಇದರಿಂದ ಮುಂಬದಿಯ ಭಾಗಗಳಿಗೆ ತೈಲ ಹರಡುತ್ತದೆ, ಫೋರ್ಕ್ ಮತ್ತು ಹಬ್‌ಗಳು ಅಂಟಿಕೊಳ್ಳುವುದಿಲ್ಲ. ಈ ಓಡಾಟ ಮಣ್ಣಿನ ಅಥವಾ ಒದ್ದೆಯಾದ ಹಾದಿಯಲ್ಲಿ ನಡೆಯಬೇಕು. ಆಳವಾದ ನೀರಿನಲ್ಲಿ ಓಡಿಸಿದ ನಂತರ ಟ್ರಾನ್ಸ್‌ಫರ್ ಕೇಸ್ ಮತ್ತು ಡಿಫರೆನ್ಷಿಯಲ್‌ಗಳ ತೈಲವನ್ನು ಪರೀಕ್ಷಿಸಲಾಗುತ್ತದೆ. ತೈಲವು ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ ಎಂದು ಅರ್ಥ.

ಕರ್ನಾಟಕದ ಮಲೆನಾಡು ಮತ್ತು ಕೊಡಗಿನ ಕಾಫಿ ತೋಟಗಳಲ್ಲಿ ನಾಲ್ಕು-ಚಕ್ರ ಚಾಲನೆಯ ಜೀಪುಗಳೂ ಪಿಕಪ್‌ಗಳೂ ಬಹುಕಾಲದಿಂದ ಬಳಕೆಯಲ್ಲಿವೆ. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಈ ವ್ಯವಸ್ಥೆಯ ಅಗತ್ಯ ಹೆಚ್ಚು. ಬೇಸಿಗೆಯಲ್ಲಿ ಅದು ಬಹುತೇಕ ಬಳಕೆಯಾಗದೆ ಉಳಿಯುವುದುಂಟು. ಇಂತಹ ಪ್ರದೇಶಗಳಲ್ಲಿ ಹಬ್, ಕೊಳವೆ ಮತ್ತು ಕನೆಕ್ಟರ್‌ಗಳ ತಪಾಸಣೆಗೆ ಮಳೆಗಾಲಕ್ಕೆ ಮುಂಚಿನ ವಾರಗಳು ಸೂಕ್ತ ಸಮಯ.